ದವಡೆಯೊಳಗಿನ ತವರ

ದವಡೆ ಮುರಿದದ್ದು ಬೀರೂರು ಜಂಕ್ಷನ್ನಿನಲ್ಲಿ, ನನ್ನ ಕೈಯಿಂದ. ಕಡೂರಿನಿಂದ ಬಂದ ರೈಲಿನಿಂದ ಇಳಿಸಿ ತರೀಕೆರೆಯ ರೈಲಿಗೆ ಹತ್ತಿಸಬೇಕಿತ್ತು. ಹುಲ್ಲು ತುಂಬಿ, ಗೋಣಿ ಸುತ್ತಿ, ಹಗ್ಗ ಬಿಗಿದ ಗಂಟಿನ ಒಂದು ತುದಿ ಮೇಸ್ತ್ರಿಯ ಹೆಗಲ ಮೇಲಿತ್ತು, ಇನ್ನೊಂದು ನನ್ನ ಕೈಯಲ್ಲಿ. ಹೊಸ ಟೆರಿಲೀನ್ ಅಂಗಿ ಕೊಳೆಯಾಗಬಾರದೆಂದು ನಾನು ಅದನ್ನು ಮೈಯಿಂದ ದೂರ ಹಿಡಿದು ನಡೆಯುತ್ತಿದ್ದೆ. ಮೂರು ಮಣ ಭಾರವನ್ನು ಹಾಗೆ ಹಿಡಿಯುವವನಿಗೆ ಏನಾಗಬೇಕೋ ಅದೇ ಆಯಿತು. ಗಂಟು ಪ್ಲಾಟ್‌ಫಾರಮ್ಮಿನ ಕಲ್ಲಿನ ಮೇಲೆ ಬಿತ್ತು. ಒಳಗಿನಿಂದ ಹೆಂಚು ಒಡೆದಂಥ ಸದ್ದು ಬಂತು.

"ಕಾಲ ಮೇಲೆ ಬೀಳ್ಲಿಲ್ಲ ತಾನೆ ಸ್ವಾಮಿ?" ಎಂದರು ಮೇಸ್ತ್ರಿ.

ಅವರು ಮೊದಲು ನೋಡಿದ್ದು ನನ್ನ ಕಾಲನ್ನು. ನಾನು ಮೊದಲು ನೋಡಿದ್ದು, ಸುತ್ತಮುತ್ತ ಯಾರಾದರೂ ಕಂಡರೇ ಎಂದು.

ಅದು ಯಾವುದೋ ಪುರಾತನ ಕಾಲದ ಆನೆಯ ಕೆಳದವಡೆ, ಕಲ್ಲಾಗಿಹೋದದ್ದು, ಪಳೆಯುಳಿಕೆ. ಶಿವನಿ ಸ್ಟೇಷನ್ನಿನ ಆಚೆ ಹಳ್ಳದ ದಡದಲ್ಲಿ ಸೇತುವೆಗೆ ಪಾಯ ತೆಗೆಯುವಾಗ ಸಿಕ್ಕಿತ್ತು. ಹಾರೆ ಹಾಕಿದವರಿಗೆ ಅದು ಬರೀ ಕಲ್ಲು. ಮೂವತ್ತು ಚೂರಾದ ಮೇಲೆ ಯಾರೋ ಹಲ್ಲನ್ನು ಗುರುತಿಸಿ ಕೂಗಿದರಂತೆ. ಚೂರುಗಳು ಕಡೂರಿನಲ್ಲಿ ಆಗ ಇದ್ದ ಒಂದು ಸಣ್ಣ ಮ್ಯೂಸಿಯಂ ಸೇರಿದವು. ಮ್ಯೂಸಿಯಂ ಎಂದರೆ ಹಳೆಯ ಹೆಂಚಿನ ಹಜಾರ, ಎರಡು ವೀರಗಲ್ಲು, ಹುಳ ಹಿಡಿದ ಒಂದು ಹುಲಿಚರ್ಮ, ಕೆಮ್ಮಣ್ಣುಗುಂಡಿಯ ಅದಿರಿನ ಉಂಡೆಗಳು, ಇವೆಲ್ಲಕ್ಕೂ ಕ್ಯುರೇಟರ್ ಎನಿಸಿಕೊಂಡ ಒಬ್ಬ ನಿವೃತ್ತ ಹೆಡ್‌ಮಾಸ್ಟರು. ಚೂರುಗಳನ್ನು ಎರಡು ವರ್ಷ ಕೂತು ಜೋಡಿಸಿ ದವಡೆ ಮಾಡಿದವರು ಅಲ್ಲಿನ ಅಟೆಂಡರ್. ಅಜ್ಜಂಪುರದ ಕಲಾಯಿ ಸಾಬರು, ತಾಮ್ರದ ಪಾತ್ರೆಗಳ ಒಳಮೈಗೆ ತವರ ಬಳಿಯುವ, ತೂತಾದವಕ್ಕೆ ತೇಪೆ ಹಾಕುವ ಮನೆತನದವರು. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ನಾನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಇಪ್ಪತ್ತಾರರ ವಯಸ್ಸಿಗೆ ಸರ್ಕಾರಿ ಕೆಲಸ ಸಿಕ್ಕಿದವನಿಗೆ ಆ ಏಕವಚನ ಬಹುಬೇಗ ಬರುತ್ತದೆ.

ರಾಜ್ಯ ಒಂದಾಗಿ ನಾಲ್ಕೈದು ವರ್ಷವಾಗಿತ್ತು. ನಮ್ಮ ಇಲಾಖೆ ಆ ಮ್ಯೂಸಿಯಂ ಅನ್ನು ತನ್ನದಾಗಿಸಿಕೊಳ್ಳುವ ಯೋಚನೆಯಲ್ಲಿತ್ತು. ಹಾಗಾದರೆ ಮೇಸ್ತ್ರಿ ಖಾಯಂ ನೌಕರರಾಗುತ್ತಾರೆ, ಇಷ್ಟು ವರ್ಷ ಕೂತ ಆ ಸ್ಟೂಲು ಕಡೆಯವರೆಗೆ ಅವರದೇ. ಅದಕ್ಕೆ ಮೊದಲು ದವಡೆಯಲ್ಲಿ ಮೂಳೆ ಎಷ್ಟು, ರಿಪೇರಿ ಎಷ್ಟು, ರಿಪೇರಿ ನ್ಯಾಯವಾಗಿ ನಡೆದಿದೆಯೇ ಎಂದು ಇಲಾಖೆಗೆ ತಿಳಿಯಬೇಕಿತ್ತು. ಕಿರಿಯ ಕೆಮಿಸ್ಟ್ ಆಗಿದ್ದ ನನ್ನನ್ನು ಕಳಿಸಿದರು. ಮೇಸ್ತ್ರಿಯ ಜಾಗ ನನ್ನ ರಿಪೋರ್ಟಿನ ಮೇಲೆ ನಿಂತಿದೆ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬೀರೂರಿಗೆ ಬರುವ ಮೊದಲು ಒಂದು ವಾರ ಕಡೂರಿನಲ್ಲೇ ಕೆಲಸ ಮಾಡಿದ್ದೆ. ಹಜಾರದ ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದು, ನೇರಳಾತೀತ ದೀಪವನ್ನು ದವಡೆಯ ಮೇಲೆ ಹಿಡಿದೆ. ಹಗಲು ಬೆಳಕಿನಲ್ಲಿ ಎಲ್ಲ ಒಂದೇ ಬಣ್ಣ, ಒಂದೇ ಮೈ. ದೀಪದ ಕೆಳಗೆ ಮಾತ್ರ ಅರಗು ಹಚ್ಚಿದ ಕಡೆ ಕಿತ್ತಳೆ, ಬಡಗಿಗಳು ಬಳಸುವ ಮರವಜ್ರದ ಅಂಟು ಇಳಿಸಿದ ಸಂದುಗಳಲ್ಲಿ ನೀಲಿ ಬಿಳುಪು, ಮೂಳೆಯಿದ್ದಲ್ಲಿ ಮಂಕು ಹಳದಿ. ನಡುನಡುವೆ ಏನೂ ಹೊಳೆಯದ ಜಾಗಗಳು. ಆ ಜಾಗಗಳಿಂದ ಸೂಜಿಮೊನೆಯಷ್ಟು ಕೆರೆದು, ಆಸಿಡ್ಡಿನಲ್ಲಿ ಕರಗಿಸಿ ಬೇರಿಯಂ ಕ್ಲೋರೈಡ್ ಹನಿಸಿದರೆ ಬಿಳಿ ಗಸಿ ಕೂತಿತು. ಪ್ಲಾಸ್ಟರ್ ಆಫ್ ಪ್ಯಾರಿಸ್. ಹಳದಿ ಜಾಗದಿಂದ ಕೆರೆದದ್ದಕ್ಕೆ ಮಾಲಿಬ್ಡೇಟ್ ಹಾಕಿ ಬಿಸಿ ಮಾಡಿದರೆ ಹಳದಿ ಗಸಿ. ಅದು ರಂಜಕ, ಮೂಳೆಯ ಸಾಕ್ಷಿ.

ಕಷ್ಟವೆಂದರೆ ಮೇಸ್ತ್ರಿ ಇದನ್ನೆಲ್ಲ ನನಗಿಂತ ಮೊದಲೇ ಹೇಳಿಬಿಡುತ್ತಿದ್ದರು.

"ಅದು ಪ್ಲಾಸ್ಟರ್ ಸ್ವಾಮಿ. ಕಾವಿಮಣ್ಣು, ಟೀ ಡಿಕಾಕ್ಷನ್ ಬೆರೆಸಿ ಬಣ್ಣ ಕೊಟ್ಟಿದೀನಿ. ಅದರ ಪಕ್ಕದ್ದು ಮೂಳೆ."

"ಸುಮ್ನಿರು ಮೇಸ್ತ್ರಿ. ಕೆಮಿಸ್ಟ್ ನೀನೋ ನಾನೋ?"

"ನೀವೇ ಸ್ವಾಮಿ. ಸುಮ್ಕೆ ಯಾಕೆ ಔಷಧಿ ಖರ್ಚು ಮಾಡ್ತೀರಿ ಅಂತ ಹೇಳ್ದೆ, ಅಷ್ಟೇ."

ಮೈ ಉರಿದುಹೋಗುತ್ತಿತ್ತು ನನಗೆ. ಅವರು ಹೇಳಿದ್ದು ಒಂದಾದರೂ ತಪ್ಪಾಗಲಿ ಎಂದು ಇಪ್ಪತ್ತೆರಡು ಕಡೆ ಕೆರೆದೆ. ಇಪ್ಪತ್ತೆರಡೂ ಸರಿಯಾಗಿತ್ತು.

ಆದರೆ ಕೆರೆದರೆ ಗೊತ್ತಾಗುವುದು ಮೇಲುಮೈ ಮಾತ್ರ. ಪ್ಲಾಸ್ಟರು ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಬೇಕಾದರೆ ಎಕ್ಸ್‌ರೇ ಬೇಕು. ತರೀಕೆರೆಯಲ್ಲಿ ಒಬ್ಬ ಡಾಕ್ಟರು ಮಿಲಿಟರಿಯವರು ಹರಾಜು ಹಾಕಿದ ಒಂದು ಹಳೆಯ ಎಕ್ಸ್‌ರೇ ಮೆಷಿನ್ ತಂದಿಟ್ಟುಕೊಂಡಿದ್ದರು. ಅವರಿಗೆ ಬರೆದು ಒಪ್ಪಿಸಿದೆ. ಮೇಸ್ತ್ರಿಯ ಉತ್ಸಾಹ ನೋಡಬೇಕಿತ್ತು. ಗಂಟು ಕಟ್ಟಿದವರು ಅವರೇ, ಸ್ಟೇಷನ್ನಿಗೆ ಹೊತ್ತವರೂ ಅವರೇ. ರೈಲಿನಲ್ಲಿ ಗಂಟಿನ ಮೇಲೆ ಕೈಯಿಟ್ಟು ಕೂತಿದ್ದರು.

"ಆ ಮಿಷನ್ನು ಒಳಗಿಂದು ಎಲ್ಲಾ ತೋರಿಸ್ತದಾ ಸ್ವಾಮಿ?"

"ಎಲ್ಲಾ ತೋರಿಸುತ್ತೆ. ಬಚ್ಚಿಟ್ಟದ್ದೆಲ್ಲ ಹೊರಗೆ ಬರುತ್ತೆ" ಎಂದೆ, ಹೆದರಲಿ ಎಂದೇ.

ಅವರು ನಕ್ಕರು. "ಬರ್ಲಿ. ಒಳಗೆ ನನ್ನ ಗುರುತೈತೆ. ನೋಡ್ತೀರಲ್ಲ."

ಮುದುಕ ಜಂಬ ಕೊಚ್ಚುತ್ತಿದ್ದಾನೆ ಎಂದುಕೊಂಡು ಕಿಟಕಿಯ ಕಡೆ ತಿರುಗಿದೆ. ಯಾವ ಗುರುತು ಎಂದು ಆಗ ಒಂದು ಮಾತು ಕೇಳಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ಇದಾದ ಅರ್ಧ ಗಂಟೆಗೆ ನಾನು ಗಂಟು ಬೀಳಿಸಿದ್ದು. ತರೀಕೆರೆಯ ರೈಲು ಬರುವ ತನಕ ಬೆಂಚಿನ ಮೇಲೆ ತಲೆ ಹಿಡಿದು ಕೂತೆ. ಇಲಾಖೆಗೆ ಏನು ಬರೆಯಲಿ ಎಂಬುದೊಂದೇ ಯೋಚನೆ. ಮೇಸ್ತ್ರಿ ಪಕ್ಕದಲ್ಲಿ ನೆಲದ ಮೇಲೆ ಕೂತು ಬೀಡಿ ಹಚ್ಚಿದರು.

"ನನ್ನ ಕೈ ಜಾರ್ತು ಅಂತ ಬರೀರಿ ಸ್ವಾಮಿ. ನೀವು ಈಗಿನ್ನೂ ಕೆಲಸಕ್ಕೆ ಸೇರಿದೋರು, ಯಾಕೆ ಹೆಸರು ಕೆಡಿಸ್ಕತೀರಿ. ಮುರಿದದ್ದು ಸೇರಿಸೋನು ಹೆಂಗೂ ನಾನೇ ತಾನೆ?"

ನಾನು ಬೇಡವೆನ್ನಲಿಲ್ಲ. ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಅವರೇ ಒಪ್ಪಿಕೊಂಡ ಮೇಲೆ ನನ್ನದೇನು ಎಂಬಂತೆ ಎದ್ದು ಹೋಗಿ ಟೀ ಕುಡಿದು ಬಂದೆ.

ತರೀಕೆರೆಯಲ್ಲಿ ಡಾಕ್ಟರ ಮನೆಯ ಜಗುಲಿಯ ಮೇಲೆ ಗಂಟು ಬಿಚ್ಚಿದೆವು. ದವಡೆ ನಡುಮಧ್ಯೆ ಎರಡಾಗಿತ್ತು. ನಾನು ಭೂತಗನ್ನಡಿ ಹಿಡಿದು ಮುರಿದ ಮೈಯನ್ನು ನೋಡಿದೆ. ಮೇಸ್ತ್ರಿ ಜೋಡಿಸಿದ ಒಂದು ಸಂದೂ ಬಿಟ್ಟಿರಲಿಲ್ಲ. ಎಂದೂ ಮುರಿಯದೆ ಉಳಿದಿದ್ದ ಗಟ್ಟಿ ಮೂಳೆಯೇ ಸೀಳಿತ್ತು. ಮೇಸ್ತ್ರಿಯೂ ಅದನ್ನು ನೋಡಿದರು. ಬೆರಳಿನಿಂದ ತಮ್ಮ ಸಂದನ್ನು ಒಂದು ಸಲ ಸವರಿ ಪಕ್ಕಕ್ಕೆ ಸರಿದರು.

ಎಕ್ಸ್‌ರೇ ತೆಗೆಯುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಮನುಷ್ಯನ ಕೈಕಾಲು ನೋಡುವ ಮೆಷಿನ್ನಿಗೆ ಕಲ್ಲಾದ ಮೂಳೆಯನ್ನು ಹೊಕ್ಕು ನೋಡುವ ಶಕ್ತಿಯಿಲ್ಲ. ಮೊದಲ ನಾಲ್ಕು ಫಿಲಮ್ಮುಗಳು ಒಂದೇ ಸಮ ಬೆಳ್ಳಗೆ ಬಂದವು. ಐದನೆಯದಕ್ಕೆ ಟ್ಯೂಬು ಕಾದು ಎಣ್ಣೆ ವಾಸನೆ ಬಂತು. ಡಾಕ್ಟರು ಸಿಡುಕಿದರು. "ಏನ್ರೀ ಇದು, ಸತ್ತು ಲಕ್ಷ ವರ್ಷ ಆಗಿರೋ ಪೇಶೆಂಟ್‌ಗೋಸ್ಕರ ನನ್ನ ಬದುಕಿರೋ ಮಿಷನ್ ಸಾಯಿಸ್ತೀರಾ?" ಆಮೇಲೆ ಗೊತ್ತಾಯಿತು, ಹಿಂದಿನ ಬೀದಿಯ ಅಕ್ಕಿ ಗಿರಣಿ ಓಡುತ್ತಿರುವಾಗ ವೋಲ್ಟೇಜು ಅರ್ಧಕ್ಕೆ ಇಳಿಯುತ್ತಿತ್ತು. ಮಧ್ಯಾಹ್ನ ಊಟಕ್ಕೆಂದು ಗಿರಣಿ ನಿಲ್ಲಿಸುವ ಒಂದು ಗಂಟೆ ಮಾತ್ರ ನಮ್ಮದು. ದವಡೆ ಎರಡಾಗಿದ್ದೂ ಅನುಕೂಲವೇ ಆಯಿತು, ಒಂದೊಂದು ತುಂಡನ್ನು ಬೇಕಾದ ಹಾಗೆ ತಿರುಗಿಸಿ ಮಲಗಿಸಬಹುದಿತ್ತು. ಟ್ಯೂಬು ಆರುವವರೆಗೆ ಕಾಯುವುದು, ಮತ್ತೆ ಕಿರಣ ಬಿಡುವುದು, ಬಚ್ಚಲುಮನೆಯ ಕತ್ತಲಲ್ಲಿ ತೊಳೆಯುವುದು, ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಿಸುವುದು. ದಿನಕ್ಕೆ ಎರಡು ಚಿತ್ರ ಬಂದರೆ ಹೆಚ್ಚು. ಮೇಸ್ತ್ರಿ ಅಷ್ಟೂ ದಿನ ಜಗುಲಿಯಲ್ಲೇ ಮಲಗಿ, ತುಂಡುಗಳನ್ನು ಎತ್ತಿ ಇಳಿಸಿದರು. ಮೆಷಿನ್ ಕೋಣೆಗೆ ನಾನು ಅವರನ್ನು ಬಿಡುತ್ತಿರಲಿಲ್ಲ.

ನಾಲ್ಕನೆಯ ದಿನ ಸರಿಯಾದ ಚಿತ್ರಗಳು ಬಂದವು. ಮೂಳೆ ಬಿಳುಪಾಗಿ, ಪ್ಲಾಸ್ಟರು ಬೂದಿಯಾಗಿ, ಸಂದುಗಳು ಕಪ್ಪು ಗೆರೆಯಾಗಿ ಕಂಡವು. ಮೂರರಲ್ಲಿ ಒಂದು ಪಾಲು ಪ್ಲಾಸ್ಟರೇ. ಆ ಬೂದಿಯ ಪ್ರತಿ ತೇಪೆಯ ನಟ್ಟನಡುವೆ ಜೋಳದ ಕಾಳಿನಷ್ಟು ಒಂದು ಅಚ್ಚಬಿಳಿ ಚುಕ್ಕೆ. ಎಣಿಸಿದೆ, ಹದಿನೇಳು. ಎಕ್ಸ್‌ರೇಯನ್ನು ಅಷ್ಟು ತಡೆಯುವುದು ಲೋಹ ಮಾತ್ರ.

"ಕೋವಿಯ ಚರೆ ಏಟು ತಿಂದ ಕಾಡುಹಂದಿ ಇದ್ದ ಹಾಗಿದೆಯಲ್ಲ" ಎಂದರು ಡಾಕ್ಟರು. "ಭಾರಕ್ಕೆ ತುಂಬಿರಬೇಕು ಕಣ್ರೀ. ಪ್ಲಾಸ್ಟರು ಹಗುರ, ಕೈಗೆತ್ತಿದೋರಿಗೆ ಗೊತ್ತಾಗಬಾರದಲ್ಲ."

ಅವರು ಮಾತಿಗೆ ಅಂದದ್ದು. ನಾನು ಮಾತ್ರ ಖುಷಿಯಿಂದ ಚುಕ್ಕೆಗಳನ್ನು ಇನ್ನೊಂದು ಸಲ ಎಣಿಸಿದೆ. ಇಪ್ಪತ್ತೆರಡು ಸಲ ಸರಿಯಾದ ಮುದುಕ ಕಡೆಗೂ ಸಿಕ್ಕಿಬಿದ್ದ ಎಂಬ ಖುಷಿ ಅದು. ಬೇರೆ ಯಾವ ಹೆಸರನ್ನೂ ಅದಕ್ಕೆ ಕೊಡಲಾರೆ. ಅವತ್ತೇ ಪೋಸ್ಟಾಫೀಸಿಗೆ ಹೋಗಿ ಮೇಲಧಿಕಾರಿಗೆ ಕಾಗದ ಹಾಕಿದೆ: ಒಳಗೆ ಲೋಹದ ಗುಂಡುಗಳಿವೆ, ತೂಕ ಹೆಚ್ಚಿಸಲು ಮೋಸದಿಂದ ಸೇರಿಸಿದಂತೆ ಕಾಣುತ್ತದೆ, ವಿವರವಾದ ವರದಿ ಹಿಂದೆಯೇ ಬರಲಿದೆ. ಮೇಸ್ತ್ರಿ ಹೊರಗೆ ಜಗುಲಿಯಲ್ಲಿ ತುಂಡುಗಳಿಗೆ ಮತ್ತೆ ಹುಲ್ಲು ಸುತ್ತುತ್ತಿದ್ದರು. ಅವರನ್ನು ದಾಟಿಕೊಂಡೇ ಅಂಚೆಗೆ ಹೋದೆ.

ಕಡೂರಿಗೆ ಬಂದ ಮಾರನೆಯ ದಿನ ಚಿತ್ರಗಳನ್ನು ಕಿಟಕಿಗೆ ಹಿಡಿದು ಮೇಸ್ತ್ರಿಯನ್ನು ಕರೆದೆ. ಕ್ಯುರೇಟರೂ ಅಲ್ಲೇ ಇದ್ದರು.

"ಇದೇನು ಮೇಸ್ತ್ರಿ?"

ಅವರು ಹತ್ತಿರ ಬಂದು ನೋಡಿದರು. ಮುಖ ಅರಳಿತು. "ಅಯ್ಯೋ, ಎಲ್ಲಾ ಬಂದ್ಬಿಟ್ಟಿದೆಯಲ್ಲ! ಒಂದೂ ಬಿಟ್ಟಿಲ್ಲ. ನೋಡಿ ಮಾಸ್ಟ್ರೇ, ನಾನು ಹೇಳಿರ್ಲಿಲ್ವಾ?"

ಆಮೇಲೆ ವಿವರಿಸಿದರು. ತೇಪೆ ಹಾಕಿದ ಪಾತ್ರೆಯನ್ನು ಖಾಲಿಯಾಗಿ ಒಲೆಯ ಮೇಲಿಟ್ಟರೆ ತೇಪೆ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಅವರ ಮನೆತನದವರು ತೇಪೆಯ ನಡುವೆ ತವರದ ಒಂದು ಬೊಟ್ಟು ಎತ್ತಿ ನಿಲ್ಲಿಸುತ್ತಾರೆ. ಪಾತ್ರೆ ತೊಳೆಯುವ ಹೆಂಗಸಿನ ಕೈಗೆ ಅದು ಸಿಗುತ್ತದೆ, ಅವಳು ಎಚ್ಚರವಾಗುತ್ತಾಳೆ. ಆ ಪಾತ್ರೆಯನ್ನು ಹೊಸದೆಂದು ಯಾರೂ ಮಾರುವ ಹಾಗೂ ಇಲ್ಲ.

"ಬೊಟ್ಟಿಲ್ದೆ ತೇಪೆ ಹಾಕ್ದೋನು ಕಳ್ಳ ಅಂತಿದ್ರು ನಮ್ಮಪ್ಪ. ಇದಕ್ಕೂ ಹಂಗೇ ಮೇಲೇ ಇಟ್ಟಿದ್ದೆ ಸ್ವಾಮಿ. ನೋಡಕ್ಕೆ ಬರೋರಿಗೆ ಅಸಹ್ಯ ಕಾಣ್ತದೆ, ತೆಗಿ ಅಂದ್ರು ಮಾಸ್ಟ್ರು. ತೇಪೆ ಕೆರೆದು ಒಳಗಿಟ್ಟು ಮುಚ್ದೆ. ಗುರುತು ಅಂತೂ ಇರ್ಬೇಕಲ್ಲ."

ಕ್ಯುರೇಟರು ಕನ್ನಡಕ ತೆಗೆದು ಒರೆಸಿದರು. "ಹೌದು, ನಾನೇ ಹೇಳಿದ್ದೆ" ಎಂದರು.

"ಹಿಂದೆ ನಮ್ಮ ದೊಡ್ಡ ಸಾಹೇಬರು ದವಡೆ ನೋಡೋಕೆ ಬಂದಾಗ ಪ್ಲಾಸ್ಟರ್ ವಿಷಯ ಹೇಳಿದ್ಯಾ?" ಎಂದು ಕೇಳಿದೆ.

"ಹೇಳ್ದೆ. ಇದು ಇದು ನಂದು, ಮಿಕ್ಕಿದ್ದು ದೇವ್ರದು ಅಂತ ಮುಟ್ಟಿ ತೋರಿಸ್ದೆ. ಅವರು ಟೇಪು ಹಿಡ್ಕಂಡು ಅಳೀತಿದ್ರು. ಸರಿ ಸರಿ, ಪಕ್ಕಕ್ಕೆ ಸರಿ ಅಂದ್ರು."

ನನಗೆ ಇನ್ನೂ ಒಂದು ಆಸೆಯಿತ್ತು, ಅದು ಸೀಸವಾಗಿರಲಿ ಎಂದು. ಸೀಸ ಭಾರ, ಅಗ್ಗ. ತೂಕಕ್ಕೆ ಹಾಕುವವರು ಅದನ್ನೇ ಹಾಕುತ್ತಾರೆ. ತವರದಲ್ಲಿ ಸೀಸ ಬೆರೆಸಿ ಕಲಾಯಿ ಹಾಕುವ ಕಳ್ಳರೂ ಇದ್ದರು. ಅಂಥ ಪಾತ್ರೆಯಲ್ಲಿ ಹುಳಿ ಬೇಯಿಸಿ ಉಂಡರೆ ವಿಷ. ಸಣ್ಣ ಉಳಿಯಿಂದ ಒಂದು ತೇಪೆ ಬಗೆದು ಗುಂಡು ತೆಗೆದೆ. ಗಾಜಿನ ನಳಿಕೆಯಲ್ಲಿ ಹಾಕಿ ನೈಟ್ರಿಕ್ ಆಸಿಡ್ ಸುರಿದು ಬಿಸಿ ಮಾಡಿದೆ. ಕೆಂಪು ಹೊಗೆ ಎದ್ದಿತು. ಮೇಸ್ತ್ರಿ ನನ್ನ ಭುಜದ ಪಕ್ಕದಲ್ಲೇ ನಿಂತಿದ್ದರು.

"ಸೀಸ ಆದ್ರೆ ಹೆಂಗಾಯ್ತದೆ ಸ್ವಾಮಿ?"

"ಪೂರಾ ಕರಗಿ ನೀರಿನ ಹಾಗೆ ತಿಳಿಯಾಗುತ್ತೆ."

"ತವರ ಆದ್ರೆ?"

"ಕರಗಲ್ಲ. ಬಿಳಿ ಹಿಟ್ಟಾಗಿ ತಳದಲ್ಲಿ ಕೂರುತ್ತೆ."

ಬಿಳಿ ಹಿಟ್ಟು ಕೂತಿತು. ಮೇಲಿನ ನೀರನ್ನು ಬಸಿದು, ಸೀಸದ ಸುಳಿವಾದರೂ ಇದೆಯೇ ಎಂದು ಪೊಟಾಸಿಯಂ ಅಯೊಡೈಡ್ ಹಾಕಿ ನೋಡಿದೆ. ಸೀಸವಿದ್ದರೆ ಅರಿಸಿನದಂಥ ಗಸಿ ಬರಬೇಕು, ಬರಲಿಲ್ಲ. ಅಪ್ಪಟ ತವರ. ಇನ್ನೊಂದು ಗುಂಡು ತೆಗೆದು ತ್ರಾಸಿನಲ್ಲಿ ತೂಗಿದೆ. ಹದಿನೇಳೂ ಸೇರಿದರೆ ಅರ್ಧ ತೊಲವೂ ಆಗುತ್ತಿರಲಿಲ್ಲ. ಮೂರು ಮಣದ ದವಡೆಗೆ ಅರ್ಧ ತೊಲ! ಲೆಕ್ಕ ಬರುವ ಯಾವ ಹೈಸ್ಕೂಲು ಹುಡುಗನೂ ತರೀಕೆರೆಯಲ್ಲಿ ನಾನು ಬರೆದ ಕಾಗದ ಬರೆಯುತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಂಡೆ: ಶುದ್ಧ ತವರ, ಸೀಸ ಇಲ್ಲ, ತೂಕ ನಗಣ್ಯ. ಮೇಸ್ತ್ರಿ ಓದು ಬಾರದವರು. ಆದರೂ ಬಗ್ಗಿ ಆ ಪುಟವನ್ನು ನೋಡಿದರು.

ವಾರ ಕಳೆಯುವುದರೊಳಗೆ ಮೇಲಧಿಕಾರಿ, ಅದೇ ದೊಡ್ಡ ಸಾಹೇಬರು, ಬಂದು ತರೀಕೆರೆಯ ಪ್ರವಾಸಿ ಬಂಗಲೆ ಟಿ.ಬಿ.ಯಲ್ಲಿ ಇಳಿದರು, ನನ್ನನ್ನು ಕರೆಸಿದರು. ನನ್ನ ಕಾಗದ ಅವರ ಮೇಜಿನ ಮೇಲಿತ್ತು. ಅದರ ಪಕ್ಕದಲ್ಲಿ ಅವರದೇ ಒಂದು ಲೇಖನ. ಒಂದೂ ಕೊರತೆಯಿಲ್ಲದ ಪೂರ್ಣ ದವಡೆ ಎಂದು ಅವರು ಎರಡು ವರ್ಷದ ಹಿಂದೆ ವಿದ್ವತ್ ಪತ್ರಿಕೆಗೆ ಬರೆದಿದ್ದರು. ಅಳತೆಗಳ ದೊಡ್ಡ ಪಟ್ಟಿಯಿತ್ತು. ಅದರಲ್ಲಿ ಮೂರರಲ್ಲೊಂದು ಅಳತೆ ಮೇಸ್ತ್ರಿಯ ಪ್ಲಾಸ್ಟರಿನದು.

"ನೋಡಪ್ಪಾ," ಎಂದರು. "ಈಗ ಇರೋದು ಎರಡೇ ದಾರಿ. ಅವನು ಮೋಸ ಮಾಡಿದ ಅಂತ ಹೇಳೋದು, ಇಲ್ಲಾಂದ್ರೆ ನನಗೆ ಕಣ್ಣು ಕಾಣಲ್ಲ ಅಂತ ಹೇಳೋದು. ಮೊದಲನೇದನ್ನ ನೀನೇ ಬರೆದು ಕಳಿಸಿದೀಯ."

"ಸಾರ್, ಆಮೇಲೆ ಪರೀಕ್ಷೆ ಮಾಡಿದೆ. ಅದು ಸೀಸ ಅಲ್ಲ, ತವರ. ಅವರ ಕಸುಬಿನ ಗುರುತಂತೆ. ತೂಕವೂ ಏನಿಲ್ಲ."

"ತವರ ಲೋಹ ಅಲ್ವೇನಯ್ಯಾ?"

"ಲೋಹವೇ ಸಾರ್."

"ಹಾಗಾದ್ರೆ ಲೋಹ ಅಂತ ಬರಿ. ಸುಳ್ಳು ಬರಿ ಅಂತ ನಾನು ಹೇಳಿದ್ನಾ?" ಆಮೇಲೆ ಬೇರೆ ಏನೋ ಮಾತೆಂಬಂತೆ ಹೇಳಿದರು, "ಬೆಂಗಳೂರು ಲ್ಯಾಬಿನಲ್ಲಿ ಒಂದು ಜಾಗ ಖಾಲಿ ಆಗ್ತಿದೆ. ಬೇಗ ಕೆಲಸ ಮುಗಿಸೋರು ಬೇಕು. ಕಾಗದ ಬರೆದು ಆಮೇಲೆ ತಪ್ಪಾಯ್ತು ಅನ್ನೋರು ನನಗೆ ಬೇಡ."

ನನಗೆ ಸಮಯವಿರಲಿಲ್ಲ, ಒತ್ತಡವಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಇಡೀ ಒಂದು ದಿನವಿತ್ತು. ಟಿ.ಬಿ.ಯ ವರಾಂಡದಲ್ಲಿ ಟೈಪ್‌ರೈಟರ್ ಮುಂದೆ ಕೂತು, ಎರಡು ಸಲ ಊಟ ಮಾಡಿ, ಒಂದು ನಿದ್ದೆ ತೆಗೆದು ಆ ವಾಕ್ಯ ಕಟ್ಟಿದೆ: 'ಪ್ರತಿಯೊಂದು ತೇಪೆಯ ಒಳಗೂ ಲೋಹದ ಗುಂಡುಗಳನ್ನು ಹುದುಗಿಸಿ ಮುಚ್ಚಲಾಗಿದ್ದು, ತೂಕವನ್ನು ಹೆಚ್ಚಿಸುವ ಉದ್ದೇಶವನ್ನು ತಳ್ಳಿಹಾಕಲಾಗದು.' ಒಂದು ಅಕ್ಷರವೂ ಸುಳ್ಳಲ್ಲ. ಗುಂಡುಗಳಿದ್ದವು, ಲೋಹವೇ ಆಗಿತ್ತು, ಮುಚ್ಚಿಯೂ ಇತ್ತು. ನೈಟ್ರಿಕ್ ಆಸಿಡ್ಡಿನ ಪರೀಕ್ಷೆಯನ್ನು ಬಿಟ್ಟೆ. ತೂಕದ ಅಂಕಿಯನ್ನು ಬಿಟ್ಟೆ. ಬರೆಯುತ್ತ ಬರೆಯುತ್ತ ಕೈಗೆ ಲಯ ಸಿಕ್ಕಿದ್ದರಿಂದ ಇನ್ನೊಂದನ್ನೂ ಸೇರಿಸಿದೆ: 'ಸಾಗಣೆಯ ವೇಳೆ ಮೇಸ್ತ್ರಿಯ ಅಜಾಗರೂಕತೆಯಿಂದ ದವಡೆಯು ಎರಡಾಗಿದೆ.' ಇದು ಅಪ್ಪಟ ಸುಳ್ಳು. ಆದರೆ ಅನುಮತಿ ಅವರೇ ಕೊಟ್ಟಿದ್ದರಲ್ಲ.

ಮುಂದಿನ ತಿಂಗಳು ಮ್ಯೂಸಿಯಮ್ಮಿನ ಹಜಾರದಲ್ಲಿ ಕಮಿಟಿಯವರನ್ನು ಕೂರಿಸಿಕೊಂಡು ಕ್ಯುರೇಟರು ನನ್ನ ರಿಪೋರ್ಟನ್ನು ಓದಿದರು. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡಿ, ಪಾಠ ಹೇಳುವ ದನಿಯಲ್ಲೇ ಓದಿದರು. ಮೇಲಿದ್ದ ಬೊಟ್ಟುಗಳನ್ನು ತೆಗಿ ಎಂದದ್ದು ತಾವೇ ಎಂದು ಅವರು ಹೇಳುತ್ತಾರೆಂದು ನಾನು ಕಾಯುತ್ತಿದ್ದೆ. ಹೇಳಿದರೆ ನನ್ನ ಗತಿಯೇನು ಎಂದು ಹೆದರಿಯೂ ಇದ್ದೆ. ಅವರು ಹೇಳಲಿಲ್ಲ. ಇಲಾಖೆ ಅವರಿಗೆ ಗೌರವ ಕ್ಯುರೇಟರ್ ಹುದ್ದೆ ಮುಂದುವರಿಸುವ ಮಾತು ಕೊಟ್ಟಿತ್ತು.

ಮೇಸ್ತ್ರಿ ಕಂಬದ ಪಕ್ಕದಲ್ಲಿ ನಿಂತು ಕೇಳಿದರು. ಅಜಾಗರೂಕತೆಯ ವಾಕ್ಯ ಬಂದಾಗ ಸುಮ್ಮನೆ ತಲೆಯಾಡಿಸಿದರು, ಅದು ಅವರು ಒಪ್ಪಿಕೊಂಡದ್ದೇ. ಗುಂಡಿನ ವಾಕ್ಯಕ್ಕೆ ಮಾತ್ರ ನನ್ನ ಕಡೆ ತಿರುಗಿದರು.

"ಸ್ವಾಮಿ, ಲೋಹ ಅಂದ್ರೆ ಯಾವ್ದು? ತವರ ಅಂತ ಓದ್ಲಿಲ್ವಲ್ಲ ಮಾಸ್ಟ್ರು. ಬಿಟ್ಟೋಗಿರ್ಬೇಕು, ಇನ್ನೊಂದ್ಸಲ ನೋಡೋಕೆ ಹೇಳಿ."

ಎಲ್ಲರೂ ನನ್ನನ್ನು ನೋಡಿದರು. "ರಿಪೋರ್ಟಿನಲ್ಲಿ ಇರೋದು ಅಷ್ಟೇ" ಎಂದೆ.

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದನ್ನು ನಾನು ನೋಡಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ, ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. "ಮೇಸ್ತ್ರಿ, ಬೀಗದಕೈ ಕೊಟ್ಟು ಹೋಗಿ" ಎಂದರು ಕ್ಯುರೇಟರು. ಮೇಸ್ತ್ರಿ ಸೊಂಟದ ದಾರದಿಂದ ಗೊಂಚಲು ಬಿಚ್ಚಿ ಹುಲಿಚರ್ಮವಿದ್ದ ಮೇಜಿನ ಮೇಲಿಟ್ಟರು. ದವಡೆಯ ಎರಡು ತುಂಡುಗಳು ಇನ್ನೂ ಗೋಣಿಯಲ್ಲೇ ಇದ್ದವು. ಅದನ್ನು ಮತ್ತೆ ಯಾರೂ ಜೋಡಿಸಲಿಲ್ಲ.

ನನಗೆ ಬೆಂಗಳೂರಿನ ಆರ್ಡರು ಬಂತು. ಕಡೂರಿನ ರೂಮಿನಲ್ಲಿ ಟ್ರಂಕು ತುಂಬುತ್ತಿದ್ದ ದಿನ ಬೆಳಿಗ್ಗೆ ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದರು. ಅಜ್ಜಂಪುರದಿಂದ ಬಂದಿದ್ದರು. ಮತ್ತೆ ಕಲಾಯಿ ಕೆಲಸಕ್ಕೆ ಕೂತಿದ್ದರಂತೆ.

"ಯಾರೂ ಪಾತ್ರೆ ಕೊಡ್ತಿಲ್ಲ ಸ್ವಾಮಿ. ಮೂಳೆಗೆ ಸೀಸ ತುಂಬ್ದೋನು, ನಮ್ಮ ಪಾತ್ರೆಗೂ ಸೀಸ ಬಳೀತಾನೆ ಅಂತ ಊರೆಲ್ಲ ಆಗ್ಬಿಟ್ಟದೆ. ಮ್ಯೂಸಿಯಂ ಕೆಲಸ ಹೋದ್ರೆ ಹೋಯ್ತು, ಅದು ನಾ ಕೇಳಕ್ ಬಂದಿಲ್ಲ. ಒಂದು ಚೀಟಿ ಬರ್ಕೊಡಿ. ಅದು ತವರ ಅಂತ. ಅಷ್ಟೇ."

ಒಂದು ಪದ. ನೋಟ್‌ಬುಕ್ಕು ನನ್ನ ಪಕ್ಕದ ಟ್ರಂಕಿನಲ್ಲೇ ಇತ್ತು, ಪಂಚೆಗಳ ಕೆಳಗೆ. ಆ ಪುಟ ಹರಿದುಕೊಟ್ಟಿದ್ದರೂ ಸಾಕಿತ್ತು. ಆದರೆ ಆ ಚೀಟಿ ಯಾರ ಕೈಗೆ ಸಿಕ್ಕಿದರೂ, ಗೊತ್ತಿದ್ದೂ ರಿಪೋರ್ಟಿನಲ್ಲಿ ಯಾಕೆ ಬರೆಯಲಿಲ್ಲ ಎಂದು ಕೇಳುತ್ತಾರೆ.

"ಅದು ಸರ್ಕಾರಿ ದಾಖಲೆ ಮೇಸ್ತ್ರಿ. ಫೈಲು ಮೇಲೆ ಹೋಗಿದೆ. ನನ್ನ ಕೈಲಿಲ್ಲ."

"ನಿಮ್ಮ ಕಣ್ಣಿಂದ ನೋಡಿದ್ದಕ್ಕೆ ಫೈಲು ಯಾಕೆ ಬೇಕು ಸ್ವಾಮಿ?"

"ಆಗಲ್ಲ ಅಂದೆನಲ್ಲ. ನನಗೆ ರೈಲಿಗೆ ಹೊತ್ತಾಯ್ತು."

ಅವರು ಟ್ರಂಕಿನ ಕಡೆ ನೋಡಿ, "ಟ್ರಂಕು ಭಾರ ಅದೆ, ಸ್ಟೇಷನ್‌ಗೆ ಹಿಡ್ಕಂಡು ಬತ್ತೀನಿ" ಎಂದರು. ಬೇಡವೆಂದೆ. ಜೀವಮಾನದಲ್ಲಿ ಅವರಿಗೆ ಬೇಡ ಎಂದದ್ದು ಅದೊಂದಕ್ಕೆ.

ಎರಡು ವರ್ಷದ ಮೇಲೆ ಅಜ್ಜಂಪುರದ ಬಳಿಯ ಹಳೆಯ ಚಿನ್ನದ ಗುಂಡಿಗಳ ಕಲ್ಲು ಪರೀಕ್ಷೆಗೆಂದು ಇಲಾಖೆ ನನ್ನನ್ನು ಕಳಿಸಿತು. ಮೂರು ದಿನ ಅವರ ಬೀದಿಯ ಕಡೆ ಹೋಗಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಯಾಕೆ ಹೋದೆನೆಂದು ಈಗಲೂ ಸರಿಯಾಗಿ ಹೇಳಲಾರೆ. ಕ್ಷಮೆ ಕೇಳಲು ಅಂತೂ ಅಲ್ಲ. ಮುದುಕ ಹೇಗೋ ಬದುಕಿಕೊಂಡಿದ್ದಾನೆ ಎಂದು ಕಣ್ಣಾರೆ ಕಂಡರೆ ಸಮಾಧಾನವಾದೀತು ಎಂದಿರಬೇಕು. ಪೇಟೆಯಲ್ಲಿ ಒಬ್ಬ ಜವಳಿ ಅಂಗಡಿಯವರನ್ನು ಕಲಾಯಿ ಸಾಬರ ಮನೆ ಯಾವುದು ಎಂದು ಕೇಳಿದೆ.

"ಯಾರು, ಸೀಸದ ಸಾಬ್ರಾ? ಬನ್ನಿ ತೋರಿಸ್ತೀನಿ. ಪಾತ್ರೆಗೀತ್ರೆ ಕೊಟ್ಟೀರಾ ಮತ್ತೆ!" ಎಂದು ನಕ್ಕು ಅಂಗಡಿ ಇಳಿದು ಬಂದರು.

ಮನೆಯ ಮುಂದೆ ಕುಲುಮೆಯ ಗುಂಡಿಯಲ್ಲಿ ಹುಲ್ಲು ಬೆಳೆದಿತ್ತು. ಗಾಳಿಯೂದುವ ತಿದಿಯ ಚರ್ಮ ಒಣಗಿ ಗೋಡೆಗೆ ನೇತುಬಿದ್ದಿತ್ತು. ಮೇಸ್ತ್ರಿ ಬಾಗಿಲ ಬಳಿ ಚಾಪೆಯ ಮೇಲೆ ಕೂತು ಬೀಡಿ ಕಟ್ಟುತ್ತಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ನನ್ನ ಗುರುತು ತಕ್ಷಣ ಹತ್ತಿತು. "ಬನ್ನಿ ಸ್ವಾಮಿ" ಎಂದರು, ಏನೂ ನಡೆದೇ ಇಲ್ಲವೇನೋ ಎಂಬಂತೆ. ಒಳಗೆ ತಿರುಗಿ ಮಗಳಿಗೆ ಏನೋ ಹೇಳಿದರು. ಅವಳು ತಾಮ್ರದ ಚೊಂಬಿನಲ್ಲಿ ನೀರು ತಂದಿಟ್ಟಳು. ಚೊಂಬಿನ ಒಳಮೈ ಬೆಳ್ಳಗೆ ಹೊಳೆಯುತ್ತಿತ್ತು. ಹೊಸ ಕಲಾಯಿ. ಊರು ಪಾತ್ರೆ ಕೊಡದೆ ಹೋದರೂ ತಮ್ಮ ಮನೆಯದಕ್ಕೇ ಹಾಕಿಕೊಂಡು ಕೈಯನ್ನು ಉಳಿಸಿಕೊಂಡಿದ್ದರು.

ಅಂಗಡಿಯವರು ಬೇಲಿಯ ಪಕ್ಕದಲ್ಲಿ ನಿಂತೇ ಇದ್ದರು. ನಾನು ಆ ನೀರು ಕುಡಿಯುತ್ತೇನೋ ಇಲ್ಲವೋ ಎಂದು ನೋಡಲು ನಿಂತಿದ್ದರು ಎಂದು ಅವರ ಮುಖವೇ ಹೇಳುತ್ತಿತ್ತು. ಇನ್ನಿಬ್ಬರು ಬಂದು ಸೇರಿಕೊಂಡರು.

ಮೇಸ್ತ್ರಿ ಅವರನ್ನು ನೋಡಿದರು, ಆಮೇಲೆ ನನ್ನನ್ನು. ದನಿ ಸ್ವಲ್ಪ ಎತ್ತಿದರು, ಬೇಲಿಯವರೆಗೆ ಕೇಳಲಿ ಎಂದು.

"ಕುಡೀರಿ ಸ್ವಾಮಿ. ತವರವೇ. ನಿಮ್ಗೆ ಗೊತ್ತಲ್ಲ, ಹೇಳಿ."

ಚೊಂಬು ಎತ್ತಿ ಕುಡಿದೆ. ಒಂದೇ ಉಸಿರಿಗೆ ಪೂರ್ತಿ ಕುಡಿದೆ. ಬೇಲಿಯ ಬಳಿ ಮೂರು ಜನ ನನ್ನ ಮಾತಿಗೆ ಕಾಯುತ್ತಿದ್ದರು. ಇಲಾಖೆಯ ಜೀಪು ಪೇಟೆಯಲ್ಲಿ ನಿಂತಿತ್ತು. ಡ್ರೈವರು ಯಾವ ಕ್ಷಣದಲ್ಲಾದರೂ ಹುಡುಕಿಕೊಂಡು ಬರಬಹುದಿತ್ತು.

"ನೀರು ತಣ್ಣಗಿದೆ" ಎಂದೆ.

ಮೇಸ್ತ್ರಿ ಚೊಂಬನ್ನು ಇಸಕೊಂಡು ಬೆಳಕಿಗೆ ಓರೆ ಮಾಡಿ ಒಳಗೆ ನೋಡಿದರು. ನಾನು ಒಂದು ಹನಿಯನ್ನೂ ಬಿಟ್ಟಿರಲಿಲ್ಲ.